ಒಂದೂವರೆ ಮಾರು ಬಟ್ಟೆಯ ಚರಿತ್ರೆ

ಫ್ರೀಡಾ ಕಾಹ್ಲೋ ಎಂಬ ಮೆಕ್ಸಿಕೋದ ಕಲಾವಿದೆಯ ಫೋಟೋ ನೀವು ಎಲ್ಲಾದರೂ ನೋಡಿಯೇ ಇರ್ತೀರಿ. ಕೂಡಿದ ಹುಬ್ಬು, ತಲೆ ತುಂಬ ಹೂವು. ಈಗಂತೂ ಬೆಂಗಳೂರಿನ ಅಂಗಡಿಗಳ ಕಾಫಿ ಮಗ್ಗು, ಕೈಚೀಲಗಳ ಮೇಲೂ ಅವಳೇ. ಇನ್ನೊಂದು ಸಲ ಕಣ್ಣಿಗೆ ಬಿದ್ದಾಗ ಮುಖ ಬಿಟ್ಟು ಹೆಗಲು ನೋಡಿ. ಎಷ್ಟೋ ಫೋಟೋಗಳಲ್ಲಿ ಉದ್ದನೆಯದೊಂದು ಬಟ್ಟೆ ಹೆಗಲನ್ನು ಬಳಸಿ ಮುಂದಕ್ಕೆ ಇಳಿಬಿದ್ದಿರುತ್ತೆ. ನಮ್ಮ ದುಪಟ್ಟಾಕ್ಕಿಂತ ಗಟ್ಟಿ, ಶಾಲಿಗಿಂತ ಉದ್ದ, ತುದಿಯಲ್ಲಿ ಕೈಯಿಂದ ಗಂಟು ಹಾಕಿದ ಕುಚ್ಚು. ಅದರ ಹೆಸರು ರೆಬೋಸೊ.

ಈ ಬಟ್ಟೆಗೆ ಹೊಲಿಗೆಯಿಲ್ಲ, ಗುಂಡಿಯಿಲ್ಲ. ಅಗಲ ಗಜಕ್ಕೆ ಸ್ವಲ್ಪ ಕಡಿಮೆ, ಉದ್ದ ಹೆಚ್ಚುಕಡಿಮೆ ಒಂದೂವರೆ ಮಾರು. ಮೆಕ್ಸಿಕೋದ ಹೆಂಗಸರು ಬಿಸಿಲಿಗೆ ಅದನ್ನ ತಲೆಗೆ ಹಾಕ್ಕೋತಾರೆ, ಚಳಿಗೆ ಮೈಗೆ ಸುತ್ಕೋತಾರೆ, ಚರ್ಚಿಗೆ ಹೋಗುವಾಗ ಮುಸುಕು ಮಾಡ್ಕೋತಾರೆ, ಸಂತೆಯಿಂದ ಬರುವಾಗ ಸಾಮಾನು ಗಂಟು ಕಟ್ತಾರೆ, ಮಗುವನ್ನ ಬೆನ್ನಿಗೆ ಕಟ್ಕೋತಾರೆ. ಸತ್ತಾಗ ಅದನ್ನೇ ಹೊದಿಸಿ ಮಣ್ಣು ಮಾಡುವುದೂ ಉಂಟು. ತೆನನ್ಸಿಂಗೊ ಎಂಬ ಊರಿನ ಕಡೆ ಸೂತಕದ ಕಪ್ಪು ರೆಬೋಸೊಗೆ ಗಿಡಮೂಲಿಕೆ, ಮಸಾಲೆಗಳ ಕಂಪು ಹಿಡಿಸುವ ಪದ್ಧತಿಯೇ ಇದೆ. ಹುಟ್ಟಿನಿಂದ ಸಾವಿನವರೆಗೆ ಅಂತ ನಾವು ಮಾತಿಗೆ ಹೇಳ್ತೀವಲ್ಲ, ಈ ಬಟ್ಟೆಯ ವಿಷಯದಲ್ಲಿ ಅದು ಅಕ್ಷರಶಃ ನಿಜ.

ನಾನು ಇವತ್ತು ಬರೀತಿರೋದು ಅದರ ಹುಟ್ಟಿನ ಕಡೆಯ ತುದಿಯ ಬಗ್ಗೆ. ಮೆಕ್ಸಿಕೋದ ಸೂಲಗಿತ್ತಿಯರು, ಅಂದರೆ ಅಲ್ಲಿನ ಮಾತಲ್ಲಿ ಪಾರ್ತೇರಾಗಳು, ಬಸುರಿಯ ಸೊಂಟ ನೋವಿಗೆ, ಹೆರಿಗೆ ನೋವಿಗೆ, ಬಾಣಂತನದ ಆರೈಕೆಗೆ ಈ ಬಟ್ಟೆಯನ್ನ ಬಳಸ್ತಾರೆ. ಆ ಪದ್ಧತಿ ಈಗ ಡೆನ್ಮಾರ್ಕಿನ ಆಸ್ಪತ್ರೆಗಳವರೆಗೆ ಹೋಗಿದೆ, ಬೆಂಗಳೂರಿನ ಗರ್ಭಿಣಿಯರ ಕ್ಲಾಸುಗಳಿಗೂ ಬಂದಿದೆ. ಎಲ್ಲ ಕಡೆ ಅದಕ್ಕೆ ಒಂದೇ ಲೇಬಲ್ಲು: ಸಾವಿರಾರು ವರ್ಷಗಳ ಪ್ರಾಚೀನ ಜ್ಞಾನ. ಈ "ಸಾವಿರಾರು ವರ್ಷ" ಅನ್ನೋ ಮಾತು ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಮೊದಲಿಗೆ ಹೆಸರು. ರೆಬೋಸೊ ಅನ್ನೋದು ಸ್ಪ್ಯಾನಿಶ್ ಪದ, ಬಾಯಿ-ಮುಖ ಮುಚ್ಚಿಕೊಳ್ಳುವುದು ಅನ್ನೋ ಅರ್ಥದಿಂದ ಬಂದದ್ದು. ಇವತ್ತಿಗೂ ಸ್ಪ್ಯಾನಿಶ್‌ನಲ್ಲಿ "ರೆಬೋಸೊ ಇಲ್ಲದೆ ಮಾತಾಡು" ಅಂದರೆ ಮುಚ್ಚುಮರೆ ಇಲ್ಲದೆ ಹೇಳು ಅಂತ. ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದದ್ದು 1521ರಲ್ಲಿ. ಅವರು ಬರುವ ಮುಂಚೆಯೂ ಅಲ್ಲಿನ ಹೆಂಗಸರು ನೇಯುತ್ತಿದ್ದರು. ಮಗ್ಗದ ಒಂದು ತುದಿಯನ್ನ ಮರಕ್ಕೋ ಕಂಬಕ್ಕೋ ಕಟ್ಟಿ, ಇನ್ನೊಂದು ತುದಿಯನ್ನ ತಮ್ಮ ಸೊಂಟಕ್ಕೇ ಪಟ್ಟಿಯಿಂದ ಬಿಗಿದುಕೊಂಡು, ಮೈಯನ್ನು ಹಿಂದೆ ಮುಂದೆ ಮಾಡುತ್ತಾ ಎಳೆ ಬಿಗಿ ಮಾಡುವ ಮಗ್ಗ ಅದು. ಹೊರೆ ಹೊರುವುದಕ್ಕೆ, ಹೊದೆಯುವುದಕ್ಕೆ ಚೌಕದ ಬಟ್ಟೆಗಳಿದ್ದವು. ಸ್ಪೇನಿನವರ ಜೊತೆ ತಲೆಗೆ ಹಾಕಿಕೊಳ್ಳುವ ಮುಸುಕು ಬಂತು, ಕಾಲಿಂದ ತುಳಿಯುವ ಮಗ್ಗ ಬಂತು, ಕುರಿ ಬಂತು, ಕುರಿಯ ಜೊತೆ ಉಣ್ಣೆ ಬಂತು.

ಮೂರನೆಯದು ಸಮುದ್ರದ ದಾರಿ. 1565ರಿಂದ 1815ರವರೆಗೆ, ಇನ್ನೂರೈವತ್ತು ವರ್ಷ, ಫಿಲಿಪ್ಪೀನ್ಸಿನ ಮನಿಲಾದಿಂದ ಮೆಕ್ಸಿಕೋದ ಅಕಪುಲ್ಕೊ ಬಂದರಿಗೆ ಸ್ಪೇನಿನ ದೊಡ್ಡ ಹಡಗುಗಳು ಓಡಾಡಿದವು. ಹೋಗುವಾಗ ಮೆಕ್ಸಿಕೋದ ಬೆಳ್ಳಿ, ಬರುವಾಗ ಚೀನಾದ ರೇಷ್ಮೆ, ಪಿಂಗಾಣಿ, ಮಸಾಲೆ. ಅದರ ಜೊತೆ ನಮ್ಮ ಇಂಡಿಯಾದ ಹತ್ತಿ ಬಟ್ಟೆ ಕೂಡ. ರೆಬೋಸೊಗಳಲ್ಲಿ ಬಹಳ ಹೆಸರಾದವು ನೂಲನ್ನು ಮೊದಲೇ ಅಲ್ಲಲ್ಲಿ ಕಟ್ಟಿ, ಬಣ್ಣದಲ್ಲಿ ಅದ್ದಿ, ಆಮೇಲೆ ನೇಯುವಂಥವು. ಪೋಚಂಪಲ್ಲಿ ಸೀರೆ, ಗುಜರಾತಿನ ಪಟೋಲ ಗೊತ್ತಲ್ಲ, ಅದೇ ಇಕ್ಕತ್ ವಿದ್ಯೆ. ಇದು ಏಷ್ಯಾದಿಂದ ಹಡಗಲ್ಲಿ ಬಂತೋ, ಅಮೆರಿಕ ಖಂಡದಲ್ಲಿ ಮೊದಲೇ ಇತ್ತೋ ಎಂಬ ವಾದ ಇವತ್ತಿಗೂ ನಡೀತಿದೆ. ಎರಡೂ ಕಡೆ ಪುರಾವೆ ಇದೆ.

ಇದೇ ದಾರಿಯಲ್ಲಿ ಒಬ್ಬ ಇಂಡಿಯಾದ ಹೆಣ್ಣುಮಗಳೂ ಹೋದಳು. ಚಿಕ್ಕ ವಯಸ್ಸಲ್ಲಿ ಪೋರ್ಚುಗೀಸ್ ಕಡಲ್ಗಳ್ಳರ ಕೈಗೆ ಸಿಕ್ಕಿ, ಕೊಚ್ಚಿಗೆ ಬಂದು, ಅಲ್ಲಿಂದ ಮನಿಲಾ, ಮನಿಲಾದಿಂದ ಅಕಪುಲ್ಕೊ, ಕೊನೆಗೆ ಪ್ಯೂಬ್ಲಾ ಎಂಬ ಊರಿನಲ್ಲಿ ಗುಲಾಮಳಾಗಿ ಸೇರಿದವಳು. ಅಲ್ಲಿ ಅವಳ ಹೆಸರು ಕತಾರಿನಾ ದೆ ಸಾನ್ ಹುವಾನ್. 1688ರಲ್ಲಿ ತೀರಿಕೊಂಡಾಗ ಊರಿನವರು ಅವಳನ್ನ ಸಂತಳ ಹಾಗೆ ಕಾಣ್ತಿದ್ದರು. ಮೆಕ್ಸಿಕೋದ ರಾಷ್ಟ್ರೀಯ ಉಡುಪಿನಂತಿರುವ "ಚೀನಾ ಪೊಬ್ಲಾನಾ" ಅವಳಿಂದಲೇ ಬಂದದ್ದು ಅಂತ ಜನ ಕಥೆ ಹೇಳ್ತಾರೆ. ಆ ಉಡುಪಿನ ಜೊತೆ ರೆಬೋಸೊ ಇದ್ದೇ ಇರುತ್ತೆ. ಇತಿಹಾಸಕಾರರು ಈ ಕಥೆ ಒಪ್ಪೋದಿಲ್ಲ, ಉಡುಪು ಅವಳ ಕಾಲದ ಎಷ್ಟೋ ವರ್ಷದ ನಂತರದ್ದು ಅಂತಾರೆ. ಆದರೂ ಮೆಕ್ಸಿಕೋದ ಜನ ತಮ್ಮ ಬಟ್ಟೆಯ ಮೂಲವನ್ನ ನೆನಪಿಸಿಕೊಳ್ಳೋಕೆ ಹೋದಾಗ ಅವರ ಮನಸ್ಸು ಕೊಚ್ಚಿಯಿಂದ ಹಡಗು ಹತ್ತಿದ ಹುಡುಗಿಯ ಹತ್ತಿರ ಬಂದು ನಿಂತದ್ದು ಸುಮ್ಮನೆ ಅಲ್ಲ ಅನ್ಸುತ್ತೆ.

ಹೀಗೆ ಮೂರು ಖಂಡದ ಎಳೆ ಸೇರಿ ಆದ ಬಟ್ಟೆ ಇದು. ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕಂದ್ರೆ ಮೂರು ಬ್ರಾಂಚುಗಳು ಮರ್ಜ್ ಆಗಿರೋ ಕೋಡು. ಯಾವ ಸಾಲು ಯಾರು ಬರೆದದ್ದು ಅಂತ ಈಗ ಬಿಡಿಸಿ ಹೇಳೋಕಾಗಲ್ಲ. ಈ ರೂಪದಲ್ಲಿ ಅದರ ವಯಸ್ಸು ಸುಮಾರು ನಾನ್ನೂರು ವರ್ಷ. ಅದೇನು ಕಡಿಮೆಯಲ್ಲ, ಸಾವಿರಾರು ಅಂತ ಸೊನ್ನೆ ಸೇರಿಸೋ ಅಗತ್ಯ ಇಲ್ಲ.

ಈ ನಾನ್ನೂರು ವರ್ಷದ ಕಾಗದಪತ್ರಗಳಲ್ಲಿ ರೆಬೋಸೊ ಎಲ್ಲೆಲ್ಲಿ ಬರುತ್ತೆ ಅಂತ ನೋಡಿದರೆ ಮಜಾ ಇದೆ. 1757ರಲ್ಲಿ ವೈಸರಾಯ್ ಮಾರ್ಕೆಸ್ ದೆ ಲಾಸ್ ಅಮರೀಯಾಸ್ ಎಂಬವನು ರೆಬೋಸೊ ನೇಯ್ಗೆಗೇ ಕಟ್ಟಳೆ ಹೊರಡಿಸಿದ. ಗುಣಮಟ್ಟ ಹೇಗಿರಬೇಕು, ಅಳತೆ ಎಷ್ಟಿರಬೇಕು, ನೇಯ್ಗೆ ಹೇಗಿರಬೇಕು, ಎಲ್ಲ ಅದರಲ್ಲಿತ್ತು. 1794ರಲ್ಲಿ ಇನ್ನೊಬ್ಬ ವೈಸರಾಯ್ ರೆವಿಯಾಹಿಹೇದೊ ವರದಿ ಬರೆಯುತ್ತಾ, ಸನ್ಯಾಸಿನಿಯರನ್ನೂ ಬಿಡದೆ, ದೊಡ್ಡ ಮನೆತನದ ಶ್ರೀಮಂತ ಹೆಂಗಸರಿಂದ ಹಿಡಿದು ಕಡು ಬಡವರವರೆಗೆ ಎಲ್ಲರೂ ಇದನ್ನ ಹೊದೀತಾರೆ ಅಂತ ದಾಖಲಿಸಿದ. ಸಾನ್ ಲೂಯಿಸ್ ಪೊಟೊಸಿ ಪ್ರಾಂತ್ಯದ ಸಾಂತಾ ಮರಿಯಾ ದೆಲ್ ರಿಯೊ ಊರಿನ ರೇಷ್ಮೆ ರೆಬೋಸೊ ಎಷ್ಟು ನಯ ಅಂದ್ರೆ ಉಂಗುರದೊಳಗಿಂದ ಎಳೆಯಬಹುದು ಅಂತ ಪ್ರಸಿದ್ಧಿ. ಢಾಕಾ ಮಸ್ಲಿನ್ ಬಗ್ಗೆ ನಾವೂ ಇದೇ ಮಾತು ಹೇಳ್ತೀವಲ್ವಾ. 1910ರ ಕ್ರಾಂತಿ ಶುರುವಾದ ಮೇಲೆ ಸೈನಿಕರ ಜೊತೆ ಊರೂರು ಅಲೆದ ಹೆಂಗಸರು ರೆಬೋಸೊದಲ್ಲಿ ಮಕ್ಕಳನ್ನೂ ಹೊತ್ತರು, ಗುಂಡುಮದ್ದನ್ನೂ ಹೊತ್ತರು. ಆ ಕಾಲದ ಫೋಟೋಗಳು ಇವತ್ತಿಗೂ ಇವೆ.

ಅಂದರೆ ಬಟ್ಟೆಯ ಅಳತೆ ಗೊತ್ತು, ಬೆಲೆ ಗೊತ್ತು, ಯಾರು ಹೊದೀತಿದ್ದರು ಅಂತ ಗೊತ್ತು. ಹೆರಿಗೆ ಕೋಣೆಯೊಳಗೆ ಅದು ಏನು ಮಾಡ್ತಿತ್ತು ಅನ್ನೋದು ಮಾತ್ರ ಈ ಕಾಗದಗಳಲ್ಲಿ ಕಾಣೋದಿಲ್ಲ. ಕಾರಣ ಸರಳ. ಬರೆಯುತ್ತಿದ್ದವರು ವೈಸರಾಯ್, ಪಾದ್ರಿ, ಗುಮಾಸ್ತ, ವ್ಯಾಪಾರಿ. ಎಲ್ಲ ಗಂಡಸರು. ಹೆರಿಗೆ ಕೋಣೆಯ ಬಾಗಿಲು ಅವರಿಗೆ ಮುಚ್ಚಿತ್ತು. ಒಳಗಿದ್ದವರಿಗೆ ಬರೆಯೋಕೆ ಬರ್ತಿರಲಿಲ್ಲ, ಬರೆಯೋ ಜರೂರತ್ತೂ ಇರಲಿಲ್ಲ. ಅಜ್ಜಿ ಮಾಡೋದನ್ನ ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡಿದರೆ ಸಾಕಿತ್ತು.

ಆದರೂ ಒಬ್ಬ ಪಾದ್ರಿ ಆ ಬಾಗಿಲ ಹತ್ತಿರಕ್ಕೆ ಹೋಗಿದ್ದ. ಬೆರ್ನಾರ್ದಿನೊ ದೆ ಸಾಹಗೂನ್, 1529ರಲ್ಲಿ ಮೆಕ್ಸಿಕೋಗೆ ಬಂದವನು. ಅಲ್ಲಿನ ನಹುವಾ ಜನರ ಮಾತು ಕಲಿತು, ಹಿರಿಯರನ್ನ ಕೂರಿಸಿಕೊಂಡು ಕೇಳಿ ಕೇಳಿ, ನಹುವಾತ್ಲ್ ಮತ್ತು ಸ್ಪ್ಯಾನಿಶ್ ಎರಡರಲ್ಲೂ ಬರೆಸಿದ ಹನ್ನೆರಡು ಸಂಪುಟಗಳು ಇವತ್ತು ಫ್ಲಾರೆಂಟೈನ್ ಕೋಡೆಕ್ಸ್ ಎಂಬ ಹೆಸರಲ್ಲಿವೆ. ಆರನೇ ಸಂಪುಟದಲ್ಲಿ ಸೂಲಗಿತ್ತಿಯ ಮಾತುಗಳು ಬರ್ತವೆ. ಬಸುರಿಯನ್ನ ತೆಮಸ್ಕಾಲ್ ಎಂಬ ಬಿಸಿ ಹಬೆಯ ಗೂಡಿಗೆ ಕರೆದೊಯ್ದು, ಹೊಟ್ಟೆ ನೀವಿ, ಮಗುವನ್ನ ಸರಿಯಾದ ಕಡೆಗೆ ತಿರುಗಿಸುವುದು ಅದರಲ್ಲಿದೆ. ನೋವು ಬರೋಕೆ ಕೊಡುವ ಸಿಯುವಪಾತ್ಲಿ ಎಂಬ ಗಿಡದ ಕಷಾಯ ಇದೆ. ಮಗು ಹುಟ್ಟಿದ ಕೂಡಲೇ ಸೂಲಗಿತ್ತಿ ಯುದ್ಧದ ಕೂಗು ಹಾಕುತ್ತಿದ್ದಳಂತೆ, ತಾಯಿ ರಣದಲ್ಲಿ ಗೆದ್ದು ಒಬ್ಬ ಸೆರೆಯಾಳನ್ನ ಹಿಡಿದು ತಂದಳು ಎಂಬ ಅರ್ಥದಲ್ಲಿ. ಹೆರುವಾಗ ಸತ್ತವಳಿಗೆ ಯುದ್ಧದಲ್ಲಿ ಮಡಿದ ವೀರನಿಗೆ ಸಲ್ಲುವ ಮರ್ಯಾದೆ. ನಮ್ಮ ಊರುಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು ನೋಡಿದ್ದೀವಿ. ಹೆರಿಗೆಯಲ್ಲಿ ಹೋದವಳಿಗೆ ವೀರಗಲ್ಲು ನಿಲ್ಲಿಸಿದ್ದನ್ನ ನಾನಂತೂ ಕಂಡಿಲ್ಲ.

ಇನ್ನೊಂದು ವಿಷಯ ಗಮನಿಸಿ. ಆ ಜನರ ದೇವತೆ ತ್ಲಾಸೊಲ್ತೆಯೋತ್ಲ್ ಹೆರಿಗೆಯ ದೇವತೆ, ಅವಳ ತಲೆಯಲ್ಲಿ ಹತ್ತಿಯ ಪಟ್ಟಿ, ನೂಲುವ ಕದಿರು. ಮಾಯಾ ಜನರ ಇಶ್‌ಚೆಲ್ ಸೂಲಗಿತ್ತಿಯರಿಗೂ ದೇವತೆ, ನೇಯುವವರಿಗೂ ದೇವತೆ. ಬಟ್ಟೆಗೂ ಹೆರಿಗೆಗೂ ಆ ನೆಲದಲ್ಲಿ ನಂಟು ಹಳೆಯದು. ಹಾಗಾಗಿ ರೆಬೋಸೊ ಎಂಬ ಹೊಸ ಬಟ್ಟೆ ಬಂದಾಗ ಅದು ಹೆರಿಗೆ ಕೋಣೆಗೆ ಹೋದದ್ದು ಸಹಜವೇ. ಹೆಂಗಸಿನ ಮೈಮೇಲೆ ಯಾವಾಗಲೂ ಇದ್ದ ಬಟ್ಟೆ ಅದೇ ತಾನೆ.

ಸರಿ, ಸೂಲಗಿತ್ತಿ ಅದರಲ್ಲಿ ಮಾಡೋದೇನು? ಮುಖ್ಯವಾದದ್ದು ಮಂತೆಯಾದಾ. ಬಸುರಿ ಮಂಡಿಯೂರಿ ಮುಂದಕ್ಕೆ ಬಾಗಿ, ಮಂಚಕ್ಕೋ ದಿಂಬಿಗೋ ಒರಗಿಕೊಳ್ತಾಳೆ. ರೆಬೋಸೊವನ್ನ ಹೊಟ್ಟೆಯ ಕೆಳಗೆ ಜೋಲಿಯಂತೆ ಅಗಲವಾಗಿ ಹರಡಿ, ಎರಡೂ ತುದಿಯನ್ನ ಹಿಂದೆ ನಿಂತವರು ಹಿಡೀತಾರೆ. ಮೊದಲು ಹೊಟ್ಟೆಯ ಭಾರವನ್ನ ಸ್ವಲ್ಪವೇ ಮೇಲಕ್ಕೆ ಎತ್ತಿ ಸುಮ್ಮನೆ ಹಿಡಿದುಕೊಳ್ಳೋದು. ಆಮೇಲೆ ಎಡಕ್ಕೆ ಬಲಕ್ಕೆ ಸಣ್ಣಗೆ, ಒಂದೇ ಲಯದಲ್ಲಿ, ಜರಡಿ ಆಡಿಸಿದ ಹಾಗೆ ಆಡಿಸೋದು. ಇಷ್ಟೇ. ಒಂಬತ್ತು ತಿಂಗಳ ಹೊರೆಯನ್ನ ಬೆನ್ನು, ಸೊಂಟದ ಸ್ನಾಯು, ಗರ್ಭಕೋಶವನ್ನ ಹಿಡಿದಿಟ್ಟ ಕಟ್ಟುಗಳು ಹೊತ್ತು ಹೊತ್ತು ಬಿಗಿದಿರುತ್ತವೆ. ಆ ಹೊರೆ ಒಂದು ಗಳಿಗೆ ಬೇರೆಯವರ ಕೈಗೆ ಹೋದಾಗ ಅವು ಸಡಿಲ ಬಿಡ್ತವೆ. ಬಿಗಿದ ಮೈ ಸಡಿಲವಾದರೆ ಮಗುವಿಗೂ ತಿರುಗೋಕೆ ಜಾಗ ಸಿಗುತ್ತೆ ಅನ್ನೋದು ಸೂಲಗಿತ್ತಿಯರ ಲೆಕ್ಕ.

ಹೆರಿಗೆ ನೋವಿನ ಹೊತ್ತಲ್ಲಿ ಅದೇ ಬಟ್ಟೆಯನ್ನ ಸೊಂಟದ ಸುತ್ತ ಸುತ್ತಿ ಎರಡು ಕಡೆಯಿಂದ ಒತ್ತಿ ಹಿಡೀತಾರೆ. ತೊಲೆಗೆ ಕಟ್ಟಿ ಜೋತು ಬೀಳೋಕೆ ಕೊಡ್ತಾರೆ. ಹೆರಿಗೆಯಾದ ಮೇಲೆ ಸೆರಾದಾ, ಅಂದರೆ "ಮುಚ್ಚುವುದು". ತಲೆಯಿಂದ ಪಾದದವರೆಗೆ ಒಂದೊಂದೇ ಕಡೆ ಬಟ್ಟೆ ಸುತ್ತಿ ಬಿಗಿದು, ಸ್ವಲ್ಪ ಹೊತ್ತು ಬಿಟ್ಟು ಸಡಿಲಿಸೋದು. ಹೆರಿಗೆಯಲ್ಲಿ ಬಿಚ್ಚಿಕೊಂಡ ಮೈಯನ್ನ ಮತ್ತೆ ಕೂಡಿಸಬೇಕು ಅನ್ನೋ ಭಾವನೆ. ಬಾಣಂತಿಗೆ ಎಣ್ಣೆ ತಿಕ್ಕಿ, ಹಂಡೆ ನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಹೊಟ್ಟೆಗೆ ಹಳೇ ಸೀರೆ ಬಿಗಿದು ಸುತ್ತೋದನ್ನ ನೋಡಿ ಬೆಳೆದ ನಮಗೆ ಇದೇನು ಹೊಸದಲ್ಲ.

ಈ ಕೋಣೆಯೊಳಗೆ ಹೋಗಿ, ಕೂತು, ನೋಡಿ, ಗೌರವದಿಂದ ಬರೆದವರಲ್ಲಿ ದೊಡ್ಡ ಹೆಸರು ಬ್ರಿಗಿಟ್ ಜೋರ್ಡಾನ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮಾನವಶಾಸ್ತ್ರಜ್ಞೆ. 1970ರ ದಶಕದಲ್ಲಿ ಮೆಕ್ಸಿಕೋದ ಯುಕತಾನ್ ಪ್ರಾಂತ್ಯದ ಮಾಯಾ ಹಳ್ಳಿಗಳಲ್ಲಿ ಒಬ್ಬ ಸೂಲಗಿತ್ತಿಯ ಜೊತೆ ಹೆರಿಗೆಗಳಿಗೆ ಹೋಗಿ ಬಂದು, ಅದನ್ನ ಹಾಲೆಂಡ್, ಸ್ವೀಡನ್, ಅಮೆರಿಕಗಳ ಹೆರಿಗೆಯ ಜೊತೆ ಹೋಲಿಸಿ 1978ರಲ್ಲಿ "ಬರ್ತ್ ಇನ್ ಫೋರ್ ಕಲ್ಚರ್ಸ್" ಎಂಬ ಪುಸ್ತಕ ಬರೆದರು. ಯುಕತಾನಿನಲ್ಲಿ ಹೆರಿಗೆ ಆಗೋದು ಹೆಚ್ಚಾಗಿ ಜೋಲಿಮಂಚದಲ್ಲಿ. ಹಿಂದೆ ಒಬ್ಬರು ಕೂತು ಅವಳ ತಲೆ, ಭುಜಕ್ಕೆ ಆಸರೆ ಕೊಡ್ತಾರೆ, ಅವಳು ಅವರ ಕುತ್ತಿಗೆಗೆ ಕೈ ಹಾಕಿ ಜೋತು ಬಿದ್ದು ಮುಕ್ಕರಿಸ್ತಾಳೆ. ತಾಯಿ ಇರ್ತಾಳೆ. ಗಂಡನೂ ಇರಲೇಬೇಕು. ಹೆಂಡತಿ ಎಷ್ಟು ಕಷ್ಟ ಪಡ್ತಾಳೆ ಅಂತ ಅವನು ಕಣ್ಣಾರೆ ನೋಡಲಿ ಅನ್ನೋದು ಅಲ್ಲಿನವರು ಕೊಟ್ಟ ಕಾರಣ.

ಇದೇ ಜೋರ್ಡಾನ್ ಆಮೇಲೆ ಕೆಲಸಕ್ಕೆ ಸೇರಿದ್ದು ಜೆರಾಕ್ಸ್ ಪಾರ್ಕ್‌ನಲ್ಲಿ. ಸಾಫ್ಟ್‌ವೇರ್‌ನವರಿಗೆ ಆ ಹೆಸರು ಕೇಳಿದರೆ ಕೈ ಮುಗಿಯಬೇಕು ಅನ್ನಿಸುತ್ತೆ. ನಾವು ದಿನಾ ನೋಡೋ ವಿಂಡೋ-ಐಕಾನ್‌ಗಳ ಸ್ಕ್ರೀನು, ಈಥರ್ನೆಟ್, ಲೇಸರ್ ಪ್ರಿಂಟರ್ ಬೆಳೆದ ಜಾಗ. ಹಳ್ಳಿಯ ಹೆರಿಗೆ ನೋಡಿದವರಿಗೆ ಅಲ್ಲೇನು ಕೆಲಸ ಅಂದ್ರೆ, ಜನ ಕೆಲಸ ಮಾಡುವ ಜಾಗದಲ್ಲಿ ಜ್ಞಾನ ಹೇಗೆ ಓಡಾಡುತ್ತೆ ಅಂತ ನೋಡೋದು. ಎರಡೂ ಕಡೆ ಅವರಿಗೆ ಕಂಡದ್ದು ಒಂದೇ. ಒಂದು ಕೋಣೆಯಲ್ಲಿ ನಾಲ್ಕು ಜನಕ್ಕೆ ನಾಲ್ಕು ಥರದ ತಿಳಿವಳಿಕೆ ಇರುತ್ತೆ. ಅದರಲ್ಲಿ ಒಂದು ಮಾತ್ರ "ಲೆಕ್ಕಕ್ಕೆ ಬರುವ" ತಿಳಿವಳಿಕೆ ಆಗುತ್ತೆ. ಅದು ಸರಿ ಇರಬಹುದು, ತಪ್ಪೂ ಇರಬಹುದು. ತೀರ್ಮಾನ ಮಾಡೋದು ಅದೇ. ಆಸ್ಪತ್ರೆಯಲ್ಲಿ ಹೆರುತ್ತಿರುವವಳಿಗೆ ತನ್ನ ಮೈಯೊಳಗೆ ಏನಾಗ್ತಿದೆ ಅಂತ ಗೊತ್ತಿದ್ದರೂ, ಮಶೀನು ಹೇಳೋವರೆಗೆ, ಡಾಕ್ಟರು ಒಪ್ಪೋವರೆಗೆ ಅದು ಲೆಕ್ಕಕ್ಕಿಲ್ಲ.

ಮೆಕ್ಸಿಕೋ ಸರ್ಕಾರ ಸೂಲಗಿತ್ತಿಯರಿಗೆ ತರಬೇತಿ ಕೊಡುವುದನ್ನೂ ಅವರು ನೋಡಿದರು. ಯುಕತಾನಿನ ಸೂಲಗಿತ್ತಿಯರು ಕರುಳುಬಳ್ಳಿ ಕತ್ತರಿಸಿದ ತುದಿಯನ್ನ ಮೇಣದಬತ್ತಿಯ ಉರಿಯಲ್ಲಿ ಸುಡ್ತಿದ್ದರು. ನಂಜು ಏರದಂತೆ ತಡೆಯೋಕೆ ಅದು ಒಳ್ಳೆಯ ಉಪಾಯವೇ. ತರಬೇತಿಯಲ್ಲಿ ಅದಕ್ಕೆ ಬೆಲೆ ಸಿಗಲಿಲ್ಲ. ಪಾಠ ಮಾಡಿದವರು ಬೋರ್ಡಿನ ಮೇಲೆ ಮಾತಲ್ಲಿ ಮಾಡಿದರು, ಕಲಿಯಬೇಕಾದವರು ಜೀವನವಿಡೀ ನೋಡಿ, ಮಾಡಿ ಕಲಿತವರು. ಕೋರ್ಸು ಮುಗಿಸಿದ ಸೂಲಗಿತ್ತಿಯರು ಡಾಕ್ಟರ ಭಾಷೆಯಲ್ಲಿ ಉತ್ತರ ಕೊಡೋದು ಕಲಿತರು, ಮನೆಗೆ ಹೋಗಿ ತಮ್ಮ ಕೆಲಸ ತಾವು ಮಾಡಿದರು. ಹೊಸ ಪ್ರೋಸೆಸ್ ಬಂದಾಗ ಆಫೀಸುಗಳಲ್ಲಿ ನಾವು ಮಾಡೋದೂ ಇದನ್ನೇ, ಬಿಡಿ.

ಇದೆಲ್ಲ ನಾನು ಹುಡುಕಿ ಓದೋಕೆ ಕಾರಣ ಇದೆ. ನನ್ನ ಹೆಂಡತಿ ಬಸುರಿಯಾಗಿದ್ದಾಗ ಎಂಟನೇ ತಿಂಗಳಿಂದ ಸೊಂಟ ನೋವು ಶುರುವಾಯಿತು. ರಾತ್ರಿ ಯಾವ ಮಗ್ಗುಲಿಗೂ ನಿದ್ದೆ ಇಲ್ಲ. ಅವಳು ಹೋಗುತ್ತಿದ್ದ ಕ್ಲಾಸಿನಲ್ಲಿ ರೆಬೋಸೊ ತೋರಿಸಿಕೊಟ್ಟರು, ಡಾಕ್ಟರನ್ನೂ ಕೇಳಿಕೊಂಡೆವು. ಆನ್‌ಲೈನಲ್ಲಿ ಅದಕ್ಕೆ ಸಾವಿರಗಟ್ಟಲೆ ಬೆಲೆ. ಊರಿಂದ ಬಂದಿದ್ದ ಅಮ್ಮ ತಮ್ಮ ಹಳೇ ನೂಲಿನ ಸೀರೆಯನ್ನ ಉದ್ದಕ್ಕೆ ಮಡಚಿ ಕೊಟ್ಟರು. ನಾನು ಹಿಂದೆ ನಿಂತು ಎತ್ತಿ ಹಿಡಿದೆ. ಮೊದಲ ಸಲ ಅವಳು ಹೇಳಿದ್ದು, "ರೀ, ಆಡಿಸ್ಬೇಡಿ, ಹಿಂಗೇ ಹಿಡ್ಕೊಂಡಿರಿ ಸಾಕು." ಐದು ನಿಮಿಷಕ್ಕೆ ನನ್ನ ರಟ್ಟೆ ಸೋತು ಬಂತು. ಅವಳು ಅದನ್ನ ಇಪ್ಪತ್ತನಾಲ್ಕು ಗಂಟೆ ಹೊತ್ತಿದ್ದಾಳೆ ಅನ್ನೋದು ಲೆಕ್ಕದಲ್ಲಿ ಗೊತ್ತಿತ್ತು, ಕೈಗೆ ಗೊತ್ತಾದದ್ದು ಆಗಲೇ. ಅಮ್ಮ ಬಾಗಿಲಲ್ಲಿ ನಿಂತು, "ನಮ್ಮ ಕಾಲದಲ್ಲಿ ತೊಲೆಗೆ ಹಗ್ಗ ಕಟ್ಟಿ ಹಿಡ್ಕೊಳ್ಳೋಕೆ ಕೊಡೋರು ಕಣೋ, ನೀನು ಹುಟ್ಟಿದ್ದೂ ಹಂಗೇ," ಅಂದರು. ಮೂವತ್ತು ವರ್ಷದಲ್ಲಿ ಅಮ್ಮ ನನಗೆ ಈ ವಿಷಯ ಹೇಳಿದ್ದು ಅದೇ ಮೊದಲು. ನಾನು ಕೇಳಿರಲೂ ಇಲ್ಲ.

ಹೆರಿಗೆಯ ದಿನ ಆ ಸೀರೆ ಬ್ಯಾಗಿನಲ್ಲೇ ಉಳಿಯಿತು. ಆಸ್ಪತ್ರೆಯವರು ಲೇಬರ್ ವಾರ್ಡಿನ ಬಾಗಿಲಲ್ಲಿ ನನ್ನನ್ನೂ ಅಮ್ಮನನ್ನೂ ನಿಲ್ಲಿಸಿದರು. ಒಂಬತ್ತು ಗಂಟೆ ಅವಳು ಒಳಗೆ ಬೆನ್ನ ಮೇಲೆ ಮಲಗಿದ್ದಳು, ಹೊಟ್ಟೆಗೆ ಮಶೀನಿನ ಪಟ್ಟಿ. ಎದ್ದು ಓಡಾಡಲಾ ಅಂತ ಕೇಳಿದ್ದಕ್ಕೆ ಬೇಡ ಅಂದರಂತೆ. ಮಗು, ತಾಯಿ ಇಬ್ಬರೂ ಚೆನ್ನಾಗಿದ್ದಾರೆ, ಅದಕ್ಕೆ ಆ ಡಾಕ್ಟರು, ನರ್ಸುಗಳಿಗೆ ಋಣಿ. ಆದರೆ ಆ ಒಂಬತ್ತು ಗಂಟೆ ಹೀಗೇ ಇರಬೇಕಿತ್ತಾ ಅನ್ನೋ ಪ್ರಶ್ನೆ ಋಣದಿಂದ ತೀರೋದಲ್ಲ.

ವಿಜ್ಞಾನ ಏನು ಹೇಳುತ್ತೆ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಆರೈಕೆಯ ಶಿಫಾರಸುಗಳನ್ನ ಹೊರತಂದಿತು. ತೊಂದರೆ ಇಲ್ಲದ ಹೆರಿಗೆಯಲ್ಲಿ ಹೆಂಗಸು ಎದ್ದು ಓಡಾಡಲು, ನೆಟ್ಟಗಿನ ಭಂಗಿಯಲ್ಲಿರಲು ಉತ್ತೇಜಿಸಿ ಎನ್ನುತ್ತದೆ. ಅವಳು ಬಯಸಿದವರು ಜೊತೆಗಿರಲಿ ಎನ್ನುತ್ತದೆ. ನೋವಿಗೆ ನೀವುವುದು, ಬಿಸಿ ಶಾಖ ಕೊಡುವುದು ಒಳ್ಳೆಯದು ಎನ್ನುತ್ತದೆ. ನಮ್ಮ ಕೇಂದ್ರ ಸರ್ಕಾರವೂ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯೊಬ್ಬಳನ್ನ ಬಿಡಬಹುದು ಅಂದಿದೆ, 2018ರಲ್ಲಿ ತರಬೇತಾದ ಮಿಡ್‌ವೈಫ್‌ಗಳನ್ನ ತಯಾರು ಮಾಡುವ ಯೋಜನೆಗೆ ಮಾರ್ಗಸೂಚಿ ತಂದಿದೆ. ಇನ್ನು ರೆಬೋಸೊ. ಡೆನ್ಮಾರ್ಕಿನಲ್ಲಿ ಹೆರಿಗೆಯ ಹೊತ್ತಲ್ಲಿ ಅದನ್ನ ಬಳಸಿದ 17 ಹೆಂಗಸರನ್ನ ಮಾತಾಡಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ನೋವು ತಗ್ಗಿತು, ಗಂಡ ಮತ್ತು ಮಿಡ್‌ವೈಫ್ ತಮ್ಮ ಜೊತೆ ಕೆಲಸದಲ್ಲಿ ಸೇರಿಕೊಂಡ ಹಾಗಾಯಿತು ಅನ್ನೋ ಅರ್ಥದ ಮಾತು ಅವರದು. ಹದಿನೇಳು ಜನ ಅಂದ್ರೆ ಸಣ್ಣ ಸಂಖ್ಯೆ. ರೆಬೋಸೊ ಆಡಿಸಿದರೆ ಮಗು ತಿರುಗಿಯೇ ತಿರುಗುತ್ತೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ರಕ್ತ ಕಂಡಿದ್ದರೆ, ದಿನ ತುಂಬುವ ಮುಂಚೆ ನೋವು ಬಂದಿದ್ದರೆ, ಮಾಸು ಕೆಳಗಿದೆ ಅಂತ ಸ್ಕ್ಯಾನಿನಲ್ಲಿ ಹೇಳಿದ್ದರೆ ಇದರ ಸಹವಾಸವೇ ಬೇಡ. ಹಾಗಿಲ್ಲದಿದ್ದರೂ ಡಾಕ್ಟರನ್ನ ಕೇಳದೆ ಮಾಡಬೇಡಿ.

ಹಳೆಯದೆಲ್ಲ ಚಿನ್ನ ಅನ್ನೋ ಹಾಡು ನನಗೆ ಹಾಡೋಕಾಗಲ್ಲ. ನಮ್ಮೂರಲ್ಲಿ ಹೆರಿಗೆಯಲ್ಲಿ ಸತ್ತವರ ಮಕ್ಕಳು ನನ್ನ ಅಮ್ಮನ ವಯಸ್ಸಿನವರಲ್ಲಿ ಪ್ರತಿ ಬೀದಿಗೂ ಸಿಗ್ತಾರೆ. ಇವತ್ತು ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಾಗುತ್ತೆ, ತಾಯಂದಿರ ಸಾವು ಎಷ್ಟೋ ಇಳಿದಿದೆ. ಸೂಲಗಿತ್ತಿ ಆಂಬುಲೆನ್ಸಿಗೆ ಬದಲಿ ಆಗೋಕಾಗಲ್ಲ. ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನೂ ನೋಡಿ: 2019-21ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31.5 ಸಿಸೇರಿಯನ್. ಮೆಕ್ಸಿಕೋದಲ್ಲಿ ಅದು ನೂರಕ್ಕೆ ನಲವತ್ತನ್ನೂ ದಾಟಿದೆ. ರೆಬೋಸೊ ಹುಟ್ಟಿದ ದೇಶದಲ್ಲೇ ಬಹಳಷ್ಟು ಹೆಂಗಸರು ರೆಬೋಸೊ ಕಾಣದ ಆಸ್ಪತ್ರೆಗಳಲ್ಲಿ ಹೆರ್ತಾರೆ, ಡೆನ್ಮಾರ್ಕಿನವರು ಅದನ್ನ ಆಸ್ಪತ್ರೆಯೊಳಗೆ ಕಲಿತು ಬಳಸ್ತಾರೆ. ಮೆಕ್ಸಿಕೋದ ನವೋಲಿ ವಿನವೆರ್ ಥರದ ಸೂಲಗಿತ್ತಿಯರು ದೇಶ ದೇಶ ಸುತ್ತಿ ಕಲಿಸಿದ್ದರಿಂದ ಇದು ಹೊರಗೆ ಹೋಯಿತು. ಹೊರಗಿನವರು ಅದಕ್ಕೆ ಸರ್ಟಿಫಿಕೇಟು, ಫೀಸು ಇಟ್ಟರು. ಮೂಲದ ಹಳ್ಳಿಯ ಪಾರ್ತೇರಾಗೆ ಅದರಲ್ಲಿ ಏನು ಸಿಕ್ಕಿತು ಅಂತ ಮೆಕ್ಸಿಕೋದವರು ಕೇಳೋದು ನ್ಯಾಯವೇ.

ನಮ್ಮಲ್ಲಿ ಆ ಪ್ರಶ್ನೆ ಕೇಳೋಕಾದರೂ ಯಾರು ಉಳಿದಿದ್ದಾರೆ? ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು ಅಂತ ಪತ್ರಿಕೆಗಳು ಬರೆದವು. ಆ ಸಂಖ್ಯೆ ನಮ್ಮೆಲ್ಲರಿಗೂ ಬಾಯಿಪಾಠ. ಹೊಟ್ಟೆ ಮುಟ್ಟಿದಾಗ ಅವರ ಬೆರಳಿಗೆ ಏನು ಗೊತ್ತಾಗ್ತಿತ್ತು, ಯಾವಾಗ ಎದ್ದು ನಿಲ್ಲು ಅಂತಿದ್ದರು, ಯಾವಾಗ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತಿದ್ದರು, ಅದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1757ರ ಕಟ್ಟಳೆ ಬರೆದವರ ಹಾಗೆ ನಾವೂ ಎಣಿಸಬಹುದಾದದ್ದನ್ನ ಮಾತ್ರ ಬರೆದಿಟ್ಟಿದ್ದೀವಿ.

ಡಾಕ್ಯುಮೆಂಟೇಶನ್ ಇಲ್ಲದ ಕೋಡು ಅದನ್ನ ಬರೆದವರು ಕೆಲಸ ಬಿಟ್ಟ ದಿನ ಸಾಯುತ್ತೆ ಅಂತ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ನಿಮ್ಮೂರಲ್ಲಿ ಹೆರಿಗೆ ಮಾಡಿಸ್ತಿದ್ದ ಅಜ್ಜಿ ಯಾರಾದರೂ ಇನ್ನೂ ಇದ್ದರೆ, ಈ ಸಲ ಹಬ್ಬಕ್ಕೆ ಹೋದಾಗ ಅವರ ಮನೆ ಜಗಲಿ ಮೇಲೆ ಒಂದು ಗಂಟೆ ಕೂತು ಬನ್ನಿ. ಫೋನು ರೆಕಾರ್ಡಿಂಗಿಗೆ ಹಾಕಿ. ಎಷ್ಟು ಹೆರಿಗೆ ಮಾಡಿಸಿದ್ದೀರಿ ಅಂತ ಕೇಳಬೇಡಿ. ಹೇಗೆ ಹಿಡ್ಕೋತಿದ್ರಿ ಅಜ್ಜಿ, ಅಂತ ಕೇಳಿ. ಜೊತೆಗೆ ನಿಮ್ಮ ಹೆಂಡತಿಯನ್ನೋ ತಂಗಿಯನ್ನೋ ಕರೆದುಕೊಂಡು ಹೋಗಿ. ನಿಮಗೆ ಹೇಳದ ಅರ್ಧ ಅವರಿಗೆ ಹೇಳ್ತಾರೆ.